ಬಾನೆಟ್ಟಿನ ಕಿವಿರುಗಳು

ಮಾರ್ಚ್ 8, ಶನಿವಾರ

ಕೊನೆಯ ಕಿವಿರನ್ನು ಇವತ್ತು ಒತ್ತಿ ಮುಗಿಸಿದೆ. ಎರಡು ಸಾಲು, ಸಾಲಿಗೆ ಇಪ್ಪತ್ತು. ನನ್ನ ಕಾರಿನ ಬಾನೆಟ್ಟಿನ ಹಿಂಭಾಗದಲ್ಲಿ, ಮುಂಗಾಜಿನ ಬುಡದಲ್ಲೇ, ಮೀನಿನ ಕಿವಿರಿನ ಹಾಗೆ ಅರ್ಧ ಬಾಯಿ ತೆರೆದ ಸೀಳುಗಳು. ಅಚ್ಚು ನಾನೇ ಕೊರೆದದ್ದು, ಅಲ್ಯೂಮಿನಿಯಮ್ ಹಾಳೆ ನಾನೇ ಬಡಿದದ್ದು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಬಸ್ಸುಗಳ ಮೈ ಕಟ್ಟುತ್ತಾ ಮುದಿಯಾದ ಕೈ ಇದು. ಕಾರ್ಖಾನೆ ನವೆಂಬರಿನಲ್ಲಿ ಬಾಗಿಲು ಹಾಕಿಕೊಂಡಿತು. ಈ ಕೈಗೆ ಬಾಗಿಲು ಹಾಕಲು ಯಾರಿಂದಲೂ ಆಗಲಿಲ್ಲ.

ಹೋದ ಜೂನಿನ ಅವಮಾನ ಈ ಜೂನಿನಲ್ಲಿ ಇಲ್ಲ. ಕ್ಲಬ್ಬಿನ ಗುಡ್ಡದ ಓಟದಲ್ಲಿ ಗ್ಯಾಲೋಸ್ ಟಾಪ್ ಏರುವಾಗ, ಮೂರನೇ ತಿರುವಿನಲ್ಲಿ ನನ್ನ ಕಾರು ಕುದಿದು ಬಿಸಿನೀರು ಉಗುಳಿತು, ಅದೂ ಹೆಂಡತಿ ನೊರೀನಳ ಹೊಸ ಬೂಟಿನ ಮೇಲೆ. ರೆಗ್ ಟಾಪ್ಲಿಸ್ ತನ್ನ ಕಾರಿಗೆ ಹಗ್ಗ ಬಿಗಿದು ನಮ್ಮನ್ನು ತುದಿಯವರೆಗೆ ದನ ಎಳೆದ ಹಾಗೆ ಎಳೆದುಕೊಂಡು ಹೋದ. ಅಲ್ಲಿ ಎಲ್ಲರ ಮುಂದೆ ನನಗೆ ಕೆಟಲ್ ಕೊಟ್ಟರು. ಮನೆಯಲ್ಲೇ ಕಾರು ಕಟ್ಟುವ ನಮ್ಮಂಥವರ ಕ್ಲಬ್ಬಿನಲ್ಲಿ ಗೆದ್ದವನಿಗೆ ಏನೂ ಇಲ್ಲ, ಕುದಿಸಿದವನಿಗೆ ಮಾತ್ರ ಬಹುಮಾನ. ಅಲ್ಲಲ್ಲಿ ನೆಗ್ಗಿದ, ನೀರು ಕಾಯಿಸುವ ಆ ಹಳೆಯ ಕೆಟಲನ್ನು, ಬೇರೆ ಯಾರಾದರೂ ಗುಡ್ಡದಲ್ಲಿ ಕುದಿಸುವವರೆಗೆ, ಬೀದಿಗೆ ಕಾಣುವ ಹಾಗೆ ಮುಂದಿನ ಕಿಟಕಿಯಲ್ಲಿ ಇಟ್ಟುಕೊಳ್ಳಬೇಕು. ನೊರೀನ್ ಅದಕ್ಕೆ ಮಣ್ಣು ತುಂಬಿ ಜೆರೇನಿಯಮ್ ಹೂಗಿಡ ನೆಟ್ಟಿದ್ದಾಳೆ.

"ಇಟ್ಕೊಳ್ಳೇಬೇಕು ಅಂದ್ಮೇಲೆ ಚೆಂದವಾಗಿ ಇಟ್ಕೊಳ್ಳೋಣ," ಅಂದಳು. ಅದೇ ಉಸಿರಿನಲ್ಲಿ, "ನಿನ್ನ ಕಾರಲ್ಲಿ ಇನ್ನು ನಾನು ಕೂರಲ್ಲ ಲೆನ್," ಅಂತಲೂ ಅಂದಳು.

ಎಡಗಡೆ ಸೀಟನ್ನು ಅವಳ ಅಳತೆಗೇ ಕಟ್ಟಿದ್ದು. ಬೇರೆ ಯಾರಿಗೂ ಅದು ಸರಿಹೊಂದುವುದಿಲ್ಲ. ಈ ಜೂನಿನಲ್ಲಿ ಕಾರು ತಣ್ಣಗೆ ತುದಿ ಮುಟ್ಟಬೇಕು, ಆ ಸೀಟಿನಲ್ಲಿ ನೊರೀನ್ ಕೂತಿರಬೇಕು. ನನಗೆ ಬೇಕಾದದ್ದು ಇಷ್ಟೇ. ಬಿಸಿಗಾಳಿ ಹೊರಗೆ ಹೋಗಲು ದಾರಿ ಇರಲಿಲ್ಲ, ಈಗ ನಲವತ್ತು ದಾರಿ ಇದೆ. ಮುಗಿಯಿತು ಕಥೆ.

ಮಾರ್ಚ್ 16, ಭಾನುವಾರ

ಕುದಿಯಿತು.

ಗುಡ್ಡದಲ್ಲಲ್ಲ, ಚಪ್ಪಟೆ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನ ಎದುರಿಗೆ. ನೀರಿನ ಬಿಸಿ ತೋರಿಸುವ ಗೇಜ್ ನೂರು ದಾಟಿತು, ನೂರಹತ್ತಕ್ಕೆ ಹಬೆ ಬಂತು. ಹೋದ ವರ್ಷಕ್ಕಿಂತ ಬೇಗ. ಇದು ಹೇಗೆ ಸಾಧ್ಯ? ಥರ್ಮೋಸ್ಟಾಟಿನದೇ ತಪ್ಪಿರಬೇಕು. ಅಥವಾ ಗೇಜ್ ಸುಳ್ಳು ಹೇಳುತ್ತಿರಬೇಕು. ನನ್ನ ಕಿವಿರುಗಳ ಬಗ್ಗೆ ಯಾರೂ ಒಂದು ಮಾತು ಆಡುವ ಹಾಗಿಲ್ಲ. ಬಂಕಿನ ಹುಡುಗಿ ಹೊರಗೆ ಬಂದು, ನಾನು ಕೇಳದೆಯೇ, "ಎಷ್ಟು ಚೆನ್ನಾಗಿವೆ!" ಅಂದಳು. ಹಬೆಯಲ್ಲಿ ನಿಂತಿದ್ದರೂ ಎದೆ ಉಬ್ಬಿತು.

ಮಾರ್ಚ್ 22, ಶನಿವಾರ

ಹೊಸ ಥರ್ಮೋಸ್ಟಾಟ್, ಹೊಸ ಗೇಜ್, ರೇಡಿಯೇಟರಿಗೆ ಹೊಸ ಮುಚ್ಚಳ. ಅದೇ ಹಳೆಯ ಕುದಿ.

ಏಪ್ರಿಲ್ 6, ಭಾನುವಾರ

ರೆಗ್ ಟಾಪ್ಲಿಸ್ ನನ್ನ ಗ್ಯಾರೇಜಿಗೆ ಬಂದಿದ್ದ. ಕರೆದವಳು ನೊರೀನ್. ಅವಳು ಓಡಿಸುವ ಸಂಚಾರಿ ಗ್ರಂಥಾಲಯದ ವ್ಯಾನಿಗೆ ಈ ಆಸಾಮಿ ಪ್ರತಿ ಗುರುವಾರ ಕೌಬಾಯ್ ಕಾದಂಬರಿ ಬದಲಾಯಿಸಲು ಬರುತ್ತಾನಂತೆ. ಅಲ್ಲಿ ನನ್ನ ಕಾರಿನ ಪುರಾಣ ಬಿಚ್ಚಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ರೆಗ್ ನಮ್ಮ ಕ್ಲಬ್ಬಿನ ಕಾರ್ಯದರ್ಶಿ, ಅವನ ಕಾರು ಹುಟ್ಟಿದಾಗಿನಿಂದ ಒಮ್ಮೆಯೂ ಕುದಿದಿಲ್ಲ, ಇದನ್ನು ಅವನು ಊಟದ ಮಧ್ಯೆ ಕೂಡ ಹೇಳುತ್ತಾನೆ.

ಬಾಗಿಲಲ್ಲೇ ನಿಂತು ಹಲ್ಲು ಕಿರಿದ. "ಏನಯ್ಯಾ ಲೆನ್, ಜೆರೇನಿಯಮ್ ಹೇಗಿದೆ?"

"ನಿನ್ನ ಬಾಯಿಗಿಂತ ಚೆನ್ನಾಗಿದೆ."

ಅವನು ಬಗ್ಗಿ ಕಾರಿನ ಮೂತಿಯೊಳಗೆ ಕೈ ಹಾಕಿದ. ರೇಡಿಯೇಟರಿಗೂ ಮೈಗೂ ನಡುವೆ, ಸುತ್ತಲೂ, ಅವನ ಮುಷ್ಟಿ ಹಿಡಿಯುವಷ್ಟು ಸಂದು. "ಗಾಳಿ ಮಹಾ ಸೋಮಾರಿ ಮಾರಾಯ. ಪಕ್ಕದಲ್ಲಿ ಇಷ್ಟು ಅಗಲ ಬಾಗಿಲು ಬಿಟ್ಟಿದೀಯ, ಅದ್ಯಾಕೆ ಈ ಜಾಲರಿಯೊಳಗೆ ತೂರ್ಕೊಂಡು ಹೋಗುತ್ತೆ?"

"ಸಂದು ನನಗೆ ಗೊತ್ತಿರೋದೇ. ಅದಕ್ಕೇ ಅಲ್ವಾ ಹಿಂದೆ ಕಿವಿರು ಮಾಡಿರೋದು, ಎಳೆದುಕೊಳ್ಳೋಕೆ."

ಅವನು ಕಿವಿರಿನ ಸಾಲನ್ನು ಬಹಳ ಹೊತ್ತು ನೋಡಿದ. ಹೊಗಳುತ್ತಾನೆ ಅಂದುಕೊಂಡೆ. "ಕೆಲಸ ಅಂದ್ರೆ ಇದು ಕಣಯ್ಯಾ," ಅಂದ, ಹೊಗಳಿಯೇಬಿಟ್ಟ. ಆಮೇಲೆ, "ಆದ್ರೆ ಇಲ್ಲಿಂದ ಗಾಳಿ ಹೊರಗೆ ಹೋಗ್ತಾ ಇದೆ ಅಂತ ನೋಡ್ದೋರು ಯಾರು?" ಅಂದ.

"ಹೋಗದೆ ಏನು ಮಾಡುತ್ತೆ?"

"ಉಣ್ಣೆ ಅಂಟಿಸಿ ನೋಡು. ಬಾನೆಟ್ ತುಂಬ ಬೆರಳುದ್ದದ ಎಳೆ. ಗಾಳಿ ಎತ್ತ ಹೋಗುತ್ತೋ ಎಳೆ ಅತ್ತ ಮಲಗುತ್ತೆ."

ನೊರೀನ್ ಗ್ಯಾರೇಜಿಗೆ ಮೂರು ಲೋಟ ಟೀ ತಂದಳು. ಮೂರು. ಇಷ್ಟು ವರ್ಷ ಅವಳು ಇಲ್ಲಿ ನಿಂತು ಟೀ ಕುಡಿದದ್ದು ನನಗೆ ನೆನಪಿಲ್ಲ. ನನ್ನ ಚಿಕ್ಕ ಸುತ್ತಿಗೆಗಳನ್ನು ಅಳತೆಯ ಪ್ರಕಾರ ಜೋಡಿಸಿ ಇಟ್ಟು ಹೋದಳು. ಈಗ ಯಾವುದೂ ಕೈಗೆ ಸಿಗುತ್ತಿಲ್ಲ.

ಏಪ್ರಿಲ್ 27, ಭಾನುವಾರ

ಉದ್ದವಾಗಿ ಬರೆಯಬೇಕು.

ಹಿಂದೆ ವಿಮಾನಗಳು ಇಳಿಯುತ್ತಿದ್ದ ಹಳೆಯ ಕಾಂಕ್ರೀಟ್ ಹಾದಿಗೆ ಹೋದೆವು. ಈಗ ಅಲ್ಲಿ ರೈತನೊಬ್ಬ ಟರ್ನಿಪ್ ಗೆಡ್ಡೆ ಬೆಳೆಯುತ್ತಾನೆ, ಹಾದಿಯನ್ನು ಮಾತ್ರ ಉಳುವುದಕ್ಕೆ ಆಗಿಲ್ಲ. ನೊರೀನ್ ಅರ್ಧ ಹೆಣೆದು ಬಿಟ್ಟಿದ್ದ ಕೆಂಪು ಉಣ್ಣೆಯ ಕಾರ್ಡಿಗನ್ನನ್ನು ಬಿಚ್ಚಿ ಎಳೆ ಮಾಡಿಕೊಟ್ಟಳು. ಅದು ನನಗೇ ಹೆಣೆಯುತ್ತಿದ್ದದ್ದಂತೆ, ಇವತ್ತು ತಿಳಿಯಿತು. ಬಾನೆಟ್ಟಿನ ತುಂಬ ಅಂಟಿಸಿದೆವು. ಕಾರಿಗೆ ದಡಾರ ಎದ್ದ ಹಾಗಿತ್ತು.

ಆಮೇಲೆ ತಕರಾರು ಶುರುವಾಯಿತು. ಓಡಿಸುವವನಿಗೆ ಕಿವಿರಿನ ಹತ್ತಿರದ ಎಳೆ ಕಾಣುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕಾರು ಓಡಬೇಕು, ಅದರಿಂದ ನೋಡಬೇಕು. ರೆಗ್ ನೋಡಿ ನನಗೆ ವರದಿ ಕೊಡುವುದೆಂದರೆ ನಾನು ನಂಬುವವನಲ್ಲ. ನಾನೇ ನೋಡಬೇಕು. ಹಾಗಾದರೆ ನನ್ನ ಕಾರನ್ನು ಓಡಿಸುವವರು ಯಾರು? ನನ್ನ ಕಾರಿನ ಸ್ಟೀರಿಂಗನ್ನು ನಾನಲ್ಲದೆ ಇನ್ನೊಂದು ಕೈ ಮುಟ್ಟಿದ್ದಿಲ್ಲ.

"ಕೊಡು ಇಲ್ಲಿ ಬೀಗದಕೈ," ಅಂದಳು ನೊರೀನ್.

"ಇದು ಲೈಬ್ರರಿ ವ್ಯಾನ್ ಅಲ್ಲ ಕಣೇ."

"ಗೊತ್ತು. ವ್ಯಾನಲ್ಲಿ ಎರಡು ಸಾವಿರ ಪುಸ್ತಕ ಇರುತ್ತೆ. ಹಿಮದಲ್ಲಿ ಅದನ್ನ ಗುಡ್ಡ ಇಳಿಸೋಳು ನಾನು. ಇದರಲ್ಲಿ ಏನಿದೆ? ನಿನ್ನ ಗರ್ವ ಒಂದೇ ತಾನೆ?"

ರೆಗ್ ಮುಖ ತಿರುಗಿಸಿಕೊಂಡು ನಕ್ಕ. ಬೀಗದಕೈ ಕೊಟ್ಟೆ.

"ಕೂರಲ್ಲ ಅಂದಿದ್ದೆಯಲ್ಲ?" ಅಂದೆ.

"ಆ ಸೀಟಲ್ಲಿ ಕೂರಲ್ಲ ಅಂದಿದ್ದು," ಅಂತ ಬಲಗಡೆ ಇಳಿದು ಕೂತು ತಲೆಗೆ ರುಮಾಲು ಕಟ್ಟಿಕೊಂಡಳು.

ನಾನು ರೆಗ್‌ನ ಕಾರಿನಲ್ಲಿ ಕೂತೆ. ಐವತ್ತು ಮೈಲಿ ವೇಗಕ್ಕೆ ಎರಡೂ ಕಾರು ಅಕ್ಕಪಕ್ಕ ಬಂದವು. ಇಲ್ಲಿ ಒಂದು ಮಾತು. ಆರು ವರ್ಷ ಈ ಕಾರನ್ನು ಕಟ್ಟಿದ್ದೇನೆ, ಆದರೆ ಇದು ಓಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹೇಗೆ ನೋಡಲಿ, ಯಾವಾಗಲೂ ನಾನೇ ಒಳಗೆ ಇರುತ್ತಿದ್ದೆನಲ್ಲ. ಎಷ್ಟು ತಗ್ಗಾಗಿ, ಎಷ್ಟು ಚೊಕ್ಕವಾಗಿ ಹೋಗುತ್ತಿತ್ತು! ನೊರೀನ್ ಬೆನ್ನು ನೆಟ್ಟಗೆ ಮಾಡಿ, ಒಂದು ಕೈಯಲ್ಲಿ ಗೇರ್ ಬದಲಾಯಿಸುತ್ತಾ, ಹುಟ್ಟಿದಾಗಿನಿಂದ ಅದರಲ್ಲೇ ಇದ್ದವಳ ಹಾಗೆ ಓಡಿಸುತ್ತಿದ್ದಳು. ರುಮಾಲಿನ ತುದಿ ಹಿಂದೆ ಹಾರುತ್ತಿತ್ತು.

"ಉಣ್ಣೆ ನೋಡಯ್ಯಾ!" ರೆಗ್ ಕೂಗಿದ. "ಹೆಂಡ್ತೀನ ಮನೇಲಿ ನೋಡ್ಕೋ!"

ನೋಡಿದೆ. ಮೂತಿಯ ಹತ್ತಿರ ಎಳೆಗಳೆಲ್ಲ ಒಪ್ಪವಾಗಿ ಹಿಂದಕ್ಕೆ ಮಲಗಿದ್ದವು. ಬಾನೆಟ್ಟಿನ ನಡುವೆಯೂ ಹಾಗೆಯೇ. ಕಿವಿರುಗಳ ಹತ್ತಿರ ಮಾತ್ರ ಅವು ಎದ್ದು ನಿಂತು, ದಿಕ್ಕುತಪ್ಪಿದವರ ಹಾಗೆ ಸುತ್ತು ಹೊಡೆದು, ಒಂದೊಂದಾಗಿ ಸೀಳಿನ ಒಳಕ್ಕೆ ನುಗ್ಗುತ್ತಿದ್ದವು. ಹೊರಗೆ ಅಲ್ಲ, ಒಳಕ್ಕೆ. ಮುಂಗಾಜಿಗೆ ಬಡಿದ ಗಾಳಿ ಅದರ ಬುಡದಲ್ಲಿ ಒತ್ತರಿಸಿಕೊಂಡು ನಿಂತು, ಬೇರೆ ದಾರಿಯಿಲ್ಲದೆ ನನ್ನ ನಲವತ್ತು ಬಾಗಿಲುಗಳಿಂದ ಎಂಜಿನ್ನಿನ ಗೂಡಿಗೆ ಇಳಿಯುತ್ತಿತ್ತು. ಮುಂದಿನಿಂದ ಬಂದ ಗಾಳಿಗೆ ಎದುರಾಗಿ ನಾನೇ ಗಾಳಿ ಬಿಟ್ಟಿದ್ದೆ.

ಮೂರು ಸಲ ಓಡಿಸಿದೆವು. ಮೂರು ಸಲವೂ ಹಾಗೆಯೇ. ರೆಗ್ ಬಗ್ಗಿ ಎಳೆಗಳನ್ನು ಒಂದೊಂದಾಗಿ ಕಿತ್ತ. ಗೇಲಿ ಮಾಡಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 28, ಸೋಮವಾರ

ಗ್ಯಾರೇಜಿಗೆ ಹೋಗಲಿಲ್ಲ.

ಏಪ್ರಿಲ್ 30, ಬುಧವಾರ

ಹೋಗಲಿಲ್ಲ. ಬೇಲಿಗೆ ಬಣ್ಣ ಹೊಡೆದೆ. ಬೇಲಿ ಚೆನ್ನಾಗಿದೆ.

ಮೇ 3, ಶನಿವಾರ

ಬೆಳಿಗ್ಗೆ ಬೇಕನ್ ಹುರಿಯುತ್ತಾ ನೊರೀನ್ ಕೇಳಿದಳು, "ಆ ಕಿವಿರು ಕೆಟ್ಟದಾ?"

"ಅದರಷ್ಟು ಚೆನ್ನಾಗಿ ಒತ್ತಿದ ಕಿವಿರು ಈ ಜಿಲ್ಲೆಯಲ್ಲೇ ಇಲ್ಲ," ಅಂದೆ.

"ನಾನೂ ಅದನ್ನೇ ಅಂದ್ಕೊಂಡೆ. ಹಾಗಿದ್ರೆ ಕೆಟ್ಟದ್ದು ಜಾಗ ಒಂದೇ. ಅದಕ್ಕೆ ಯಾಕೆ ಇಷ್ಟು ಮುಖ ಊದಿಸ್ಕೊಂಡಿದೀಯ?"

ನಾನು ಮುಖ ಊದಿಸಿಕೊಂಡಿರಲಿಲ್ಲ. ಬೇಲಿಗೆ ಬಣ್ಣ ಬೇಕಾಗಿತ್ತು.

ಮಧ್ಯಾಹ್ನ ಹೊಸ ಹಾಳೆ ತಂದೆ.

ಮೇ 14, ಬುಧವಾರ

ಕೆಲಸ ಬಿರುಸಾಗಿ ಸಾಗಿದೆ. ಮೂತಿಯ ಬಾಯಿಯಿಂದ ರೇಡಿಯೇಟರಿನ ಅಂಚಿನವರೆಗೆ ನಾಲ್ಕು ಕಡೆಯೂ ಹಾಳೆಯ ಗೋಡೆ, ಸಂದುಗಳಿಗೆ ಸ್ಪಂಜು. ಬಾಯಿಗೆ ಬಂದ ಗಾಳಿ ಈಗ ಜಾಲರಿಯಲ್ಲಿ ನುಗ್ಗದೆ ಬೇರೆ ಗತಿಯಿಲ್ಲ. ರೇಡಿಯೇಟರನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದ್ದೇವೆ. ಅದರ ಬೆನ್ನಿಗೆ ಇಳಿಜಾರಾದ ಇನ್ನೊಂದು ಗೋಡೆ, ಬಿಸಿಗಾಳಿ ಎಂಜಿನ್ನಿನ ಕಡೆಗೆ ಹೋಗದೆ ಮೇಲೆ ಏರುವ ಹಾಗೆ. ಅಲ್ಲಿ ಬಾನೆಟ್ಟಿಗೆ ಅಗಲವಾದ ಒಂದೇ ಬಾಯಿ. ಆ ಜಾಗದಲ್ಲಿ ಉಣ್ಣೆಯ ಎಳೆಗಳು ಎಷ್ಟು ಒಪ್ಪವಾಗಿ ಮಲಗಿದ್ದವು ಅಂತ ಕಣ್ಣಾರೆ ಕಂಡಿದ್ದೇವಲ್ಲ. ಮೇಲೆ ಹರಿಯುವ ಗಾಳಿಯೇ ಬಿಸಿಯನ್ನು ಹೊರಕ್ಕೆ ಹೀರಬೇಕು.

ಗೋಡೆಗಳ ಮಾದರಿಯನ್ನು ಮೊದಲು ಕಾರ್ನ್‌ಫ್ಲೇಕ್ಸ್ ಪೆಟ್ಟಿಗೆ ಕತ್ತರಿಸಿ ಮಾಡುತ್ತೇವೆ. ನೊರೀನ್ ಹೊಲಿಗೆ ಕತ್ತರಿಯಲ್ಲಿ ಕತ್ತರಿಸುತ್ತಾಳೆ. ರೆಗ್ ಹಿಡಿದುಕೊಳ್ಳುತ್ತಾನೆ. ಇವನ ಬಾಯಿ ನಿಲ್ಲುವುದಿಲ್ಲ, ಆದರೆ ಕೈ ಅಲುಗುವುದಿಲ್ಲ. ಅವನಿಗೂ ಒಂದು ಹಿಡಿಯಿರುವ ಲೋಟ ಇಲ್ಲೇ ಮೊಳೆಗೆ ತೂಗುಹಾಕಿದ್ದೇನೆ, ಪ್ರತಿ ಸಲ ಮನೆಯಿಂದ ತರುವುದು ತಾಪತ್ರಯ.

ಮೇ 31, ಶನಿವಾರ

ಹೊಸ ಬಾನೆಟ್ ಕೂತು ವಾರವಾಯಿತು. ಕಿವಿರು ಇಲ್ಲ, ಮುಂದೆ ಒಂದು ಬಾಯಿ ಅಷ್ಟೆ. ನೋಡುವವರಿಗೆ ಸಾದಾ ಅನ್ನಿಸಬಹುದು. ಹೊಳೆಯ ಪಕ್ಕದ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿದೆವು, ಅರ್ಧ ದಾರಿ ನಾನು, ಅರ್ಧ ದಾರಿ ನೊರೀನ್. ಗೇಜ್ ಎಂಬತ್ತೆಂಟರಲ್ಲಿ ನಿಂತದ್ದು ಕದಲಲಿಲ್ಲ. ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಹೋಗುವುದು ಮುಖ್ಯ ಅಂತ ನಾನು ಮೊದಲಿನಿಂದಲೂ ಹೇಳುತ್ತಲೇ ಇದ್ದೆ.

ಹಳೆಯ ಬಾನೆಟ್ಟನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ನೊರೀನ್ ಅದನ್ನು ಅಳೆದು ನೋಡಿ, ಅಡುಗೆಮನೆಯ ಉಗ್ರಾಣದ ಬಾಗಿಲಿಗೆ ಸರಿಹೋಗುತ್ತದೆ ಅಂದಳು. ಕಿವಿರಿನ ಭಾಗ ಕತ್ತರಿಸಿ, ಚೌಕಟ್ಟು ಕಟ್ಟಿ, ಕೀಲು ಹಾಕಿ ಕೂರಿಸಿದೆ. ಈಗ ಒಳಗೆ ಗಾಳಿಯಾಡುತ್ತದೆ, ಬ್ರೆಡ್ಡಿಗೆ ಬೂಸ್ಟು ಹಿಡಿಯುವುದಿಲ್ಲ, ಚೀಸ್ ಬೆವರುವುದಿಲ್ಲ. ರೆಗ್ ನೋಡಿ, "ನನ್ನ ಹೆಂಡ್ತಿಗೆ ಇದನ್ನ ತೋರಿಸ್ಬೇಡ, ನನಗೆ ಉಳಿಗಾಲ ಇಲ್ಲ," ಅಂದ. ಮಾರನೇ ದಿನವೇ ಅವಳು ಬಂದು ಅಳತೆ ಕೊಟ್ಟು ಹೋದಳು. ಅವಳ ತಂಗಿಗೂ ಬೇಕಂತೆ.

ಜೂನ್ 21, ಶನಿವಾರ

ನಾಳೆ ಗುಡ್ಡ. ನೊರೀನ್ ಜೊತೆ ಮಾತಾಯಿತು.

"ಬರ್ತೀಯ ತಾನೆ?"

"ಬರ್ತೀನಿ. ಬಲಗಡೆ ಸೀಟಲ್ಲಿ."

"ಇಡೀ ಗುಡ್ಡವಾ?"

"ಇಡೀ ಗುಡ್ಡ. ನಿನಗೆ ನಾನು ಕಾರಲ್ಲಿ ಇರಬೇಕಾ, ಬೇಡವಾ?"

ಯೋಚಿಸಿ ನೋಡಿದೆ. ಗೇಜ್ ನೋಡುತ್ತಾ ಕೂರಲು ಒಬ್ಬ ಅನುಭವಿ ಬೇಕು, ಆ ಕೆಲಸ ಅವಳಿಂದ ಆಗುವುದಿಲ್ಲ. ಆದ್ದರಿಂದ ಅವಳು ಓಡಿಸುವುದೇ ಸರಿ ಅಂತ ನಾನೇ ತೀರ್ಮಾನ ಮಾಡಿದೆ.

ಕೆಟಲನ್ನು ಜೆರೇನಿಯಮ್ ಸಮೇತ ರಟ್ಟಿನ ಪೆಟ್ಟಿಗೆಗೆ ಹಾಕಿ ಇಟ್ಟಿದ್ದೇವೆ. ಹಿಂದಿನ ವರ್ಷ ಪಡೆದವರು ಅದನ್ನು ತುದಿಗೆ ತರಬೇಕು, ಅದು ನಿಯಮ.

ಜೂನ್ 22, ಭಾನುವಾರ

ಬೂಟು ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ.

ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ, ಕುದಿಯಲು ಹೇಳಿ ಮಾಡಿಸಿದ ದಿನ. ಕೆಳಗೆ ಸಾಲು ನಿಂತಾಗ ರೆಗ್ ಬಂದು ಹಗ್ಗ ತೋರಿಸಿದ. "ನಿಮ್ಮ ಹಿಂದೇನೇ ಬರ್ತೀನಿ. ಹೆದರ್ಕೋಬೇಡಿ."

"ಆ ಹಗ್ಗದಲ್ಲಿ ನಿನ್ನ ಪ್ಯಾಂಟು ಕಟ್ಕೋ," ಅಂದಳು ನೊರೀನ್.

ಎರಡನೇ ತಿರುವಿನವರೆಗೆ ಸುಖವಾಗಿ ಏರಿದೆವು. ಅಲ್ಲಿ ಒಂದು ಕ್ಯಾರವಾನ್, ಅದೇ ಗಾಲಿಯ ಮೇಲಿನ ಮನೆ, ಸಿಕ್ಕಿತು, ಹದಿನೈದು ಮೈಲಿ ವೇಗದಲ್ಲಿ ತೆವಳುತ್ತಿತ್ತು. ನೊರೀನ್ ಅದರಿಂದ ಬಹಳ ಹಿಂದೆ ಉಳಿದಳು, ವ್ಯಾನಿನಲ್ಲಿ ರೂಢಿಯಾದ ಹಾಗೆ. ನಮ್ಮ ಮೂತಿಗೆ ತಣ್ಣನೆ ಗಾಳಿ ಸಿಗುತ್ತಲೇ ಇತ್ತು. ಗೇಜ್ ತೊಂಬತ್ತೆರಡು.

ರೆಗ್ ಮಾತ್ರ ನಾವು ಕುದಿಯುವುದನ್ನು ಮೊದಲು ಕಾಣುವ ಆಸೆಗೆ ನಮ್ಮ ಬಾಲಕ್ಕೇ ಅಂಟಿಕೊಂಡಿದ್ದ. ಅವನ ರೇಡಿಯೇಟರಿಗೆ ಸಿಕ್ಕಿದ್ದೆಲ್ಲ ನಾವು ಹೊರಗೆ ಬಿಟ್ಟ ಬಿಸಿಗಾಳಿ. ಮೂರನೇ ತಿರುವಿನಲ್ಲಿ, ಹೋದ ವರ್ಷ ನಾವು ನಿಂತಿದ್ದ ಅದೇ ಕಲ್ಲುಗೋಡೆಯ ಹತ್ತಿರ, ನೊರೀನ್ ಕನ್ನಡಿ ನೋಡಿ ಶಾಂತವಾಗಿ ಹೇಳಿದಳು, "ಲೆನ್, ರೆಗ್ ಕುದೀತಿದಾನೆ."

ತಿರುಗಿ ನೋಡಿದೆ. ಹಬೆಯ ನಡುವೆ ಅವನ ಟೋಪಿ ಮಾತ್ರ ಕಾಣುತ್ತಿತ್ತು. ಒಂದು ವರ್ಷ ಈ ದೃಶ್ಯಕ್ಕೆ ಕಾದಿದ್ದೆ.

"ನಿಲ್ಲಿಸು," ಅಂದೆ.

"ಇಲ್ಲಿಂದ ಎಳೆದುಕೊಂಡು ಹೋದ್ರೆ ನಾವೂ ಕುದೀಬಹುದು."

"ಕುದೀಲಿ."

ಯಾಕೆ ಹಾಗೆ ಅಂದೆನೋ ತಿಳಿಯದು. ಅವನ ಕಾರು ರಸ್ತೆಗೆ ಅಡ್ಡವಾಗಿತ್ತು, ಅದಕ್ಕೇ ಇರಬೇಕು. ಇಳಿದು ಅವನ ಹಗ್ಗವನ್ನು ಅವನ ಕೈಯಿಂದಲೇ ತೆಗೆದುಕೊಂಡು ನಮ್ಮ ಕಾರಿಗೆ ಬಿಗಿದೆ.

"ಒಂದು ಮಾತೂ ಆಡ್ಬೇಡ," ಅಂದ ರೆಗ್.

"ನಾನೇನಂದೆ? ಜೆರೇನಿಯಮ್‌ಗೆ ಭಾನುವಾರ ನೀರು ಹಾಕ್ಬೇಕು, ಅಷ್ಟೆ."

ಉಳಿದದ್ದು ಎರಡು ತಿರುವು. ಎರಡು ಕಾರಿನ ಭಾರ, ನಡಿಗೆಯ ವೇಗ, ಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು. ಫ್ಯಾನು ಕಿರುಚುತ್ತಿತ್ತು. ತೊಂಬತ್ತೆಂಟು. ನೂರಾ ಎರಡು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಗೇಜಿನ ಒಂದೊಂದು ಅಂಕಿಯನ್ನೂ ಓದಿ ಹೇಳುತ್ತಿದ್ದೆ, ಜೋರಾಗಿಯೇ ಇರಬೇಕು.

"ಕೂಗ್ಬೇಡ," ಅಂದಳು ನೊರೀನ್. "ಗೇಜ್ ನಿನ್ನದು, ರಸ್ತೆ ನನ್ನದು. ನೀನು ಕಟ್ಟಿರೋದು ತಾನೆ? ನಂಬು."

ನೂರಾ ಆರು. ಬಾನೆಟ್ಟಿನ ಬಾಯಿಯ ಮೇಲೆ ಬಿಸಿಗಾಳಿ ಕಣ್ಣಿಗೆ ಕಾಣುವ ಹಾಗೆ ಅಲೆಯಾಡುತ್ತಾ ಮೇಲೇರಿ ಹೋಗುತ್ತಿತ್ತು, ಒಂದೇ ಸಮನೆ, ಎಲ್ಲಿಂದ ಹೋಗಬೇಕೋ ಅಲ್ಲಿಂದಲೇ. ಅದನ್ನು ನೋಡುತ್ತಾ ಗೇಜ್ ಮರೆತೆ. ಮತ್ತೆ ನೋಡಿದಾಗಲೂ ನೂರಾ ಆರೇ. ಅಲ್ಲಿಂದ ಮುಂದಕ್ಕೆ ಮುಳ್ಳು ಹೋಗಲಿಲ್ಲ.

ತುದಿಯಲ್ಲಿ ಕ್ಲಬ್ಬಿನ ಹಿರಿಯರಾದ ಮಿಸೆಸ್ ಓಲ್ರೆನ್‌ಶಾ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಬಂದ ಪ್ರತಿ ಕಾರಿಗೂ ಅವರದು ಅದೇ ಎರಡು ಪ್ರಶ್ನೆ.

"ಕುದೀತಾ?"

"ಇಲ್ಲ!" ನೊರೀನ್ ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಕುರಿಗಳು ತಲೆಯೆತ್ತಿದವು.

"ಕಟ್ಟಿದ್ದು ಯಾರು?"

"ನಾವು," ಅಂದೆ.

ನೊರೀನ್ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಮುಖಕ್ಕೆ ಮಸಿ ಅಂಟಿತ್ತೋ ಏನೋ, ಒರೆಸಿಕೊಂಡೆ.

ಮಿಸೆಸ್ ಓಲ್ರೆನ್‌ಶಾ ಹಗ್ಗದ ಇನ್ನೊಂದು ತುದಿ ನೋಡಿದರು. "ರೆಜಿನಾಲ್ಡ್?"

"ಕುದೀತು," ಅಂದ ರೆಗ್, ಟೋಪಿ ತೆಗೆದು. ಚಪ್ಪಾಳೆ ಗುಡ್ಡಕ್ಕೆಲ್ಲ ಕೇಳಿಸಿತು. ಕೆಟಲನ್ನು ನೊರೀನಳೇ ಅವನ ಕೈಗಿಟ್ಟಳು, ಗಿಡ ಕೀಳದೆ. ಅವನು ಒಂದು ಹೂ ಕಿತ್ತು ಅವಳ ರುಮಾಲಿಗೆ ಸಿಕ್ಕಿಸಿ, ನನ್ನ ಕೈ ಕುಲುಕಿದ. ಬಿಡಲೇ ಇಲ್ಲ. ಪೋರ್ಕ್ ಪೈ ತಿಂದೆವು, ಟೀ ಕುಡಿದೆವು. ಸೇರಿದವರೆಲ್ಲ ಸರದಿಯಲ್ಲಿ ಬಂದು ನಮ್ಮ ಬಾನೆಟ್ಟಿನ ಬಾಯಿಗೆ ಅಂಗೈ ಹಿಡಿದು ನೋಡಿದರು. ನಾನು ವಿವರಿಸಲು ಶುರು ಮಾಡುವಷ್ಟರಲ್ಲಿ ನೊರೀನ್ ವಿವರಿಸಿ ಮುಗಿಸಿರುತ್ತಿದ್ದಳು. ಒಂದೂ ತಪ್ಪಿರಲಿಲ್ಲ. ನಾನು ಸುಮ್ಮನೆ ಪಕ್ಕದಲ್ಲಿ ನಿಂತೆ, ಇಡೀ ಗುಡ್ಡಕ್ಕೇ ಒಡೆಯನ ಹಾಗೆ.

ವಾಪಸ್ ಬರುವಾಗಲೂ ಅವಳೇ ಓಡಿಸಿದಳು.

ಜೂನ್ 23, ಸೋಮವಾರ

ಕಿಟಕಿ ಬೋಳಾಗಿ ಕಾಣುತ್ತಿದೆ. ಇನ್ನೊಂದು ಜೆರೇನಿಯಮ್ ತರಬೇಕು.

ಎಡಗಡೆ ಸೀಟಿನ ಬೋಲ್ಟುಗಳನ್ನು ಬಿಚ್ಚಿದ್ದೇನೆ. ನಾಲ್ಕು ಬೆರಳು ಹಿಂದಕ್ಕೆ ಸರಿಸಬೇಕು, ನನ್ನ ಮೊಣಕಾಲು ಮುಂದೆ ತಗಲುತ್ತದೆ.